ವೈದ್ಯನೂ ಸಾಮಾನ್ಯ ಹಣದ ಚೀಲವೂ

ಅನೇಕರು ಕೂಡಿ ಕೊಟ್ಟ ಹಣದಿಂದ ರೋಗಿಗಳಿಗೆ ಚಿಕಿತ್ಸೆಯಾಗುವಲ್ಲಿ, ವೈದ್ಯನು ತನ್ನ ಮುಂದೆ ಕುಳಿತವನ ಬೇನೆಯನ್ನು ಮಾತ್ರ ನೋಡತಕ್ಕದ್ದೋ, ಚೀಲದಲ್ಲಿ ಉಳಿದ ಹಣವನ್ನೂ ನೋಡತಕ್ಕದ್ದೋ? ಹಣವನ್ನು ನೋಡಲೇ ಬಾರದೆಂದು ಹೇಳುವದು ಸುಲಭ. ಆದರೆ ಒಬ್ಬನಿಗೆ ಬೇಡವಾದ ಪರೀಕ್ಷೆಗೆ ವೆಚ್ಚವಾದದ್ದು, ಇನ್ನೂ ಬಾಗಲಿಗೆ ಬಾರದ ಮತ್ತೊಬ್ಬನ ಪಾಲಿನಿಂದ ಹೋಯಿತಲ್ಲವೋ? ಆ ಮತ್ತೊಬ್ಬನ ಮುಖವು ಕಾಣುವದಿಲ್ಲ, ಅವನ ನರಳಾಟವು ಕೇಳುವದಿಲ್ಲ; ಆದಕಾರಣ ಅವನನ್ನು ಮರೆಯುವದೂ ಅಷ್ಟೇ ಸುಲಭ.

ಇಂಗ್ಲೆಂಡು ದೇಶದಲ್ಲಿ ಚಿಕಿತ್ಸೆಯ ವೆಚ್ಚವು ಬಹುಮಟ್ಟಿಗೆ ತೆರಿಗೆಯಿಂದ ನಡೆಯುತ್ತದೆ. ಅಲ್ಲಿ 1991ರಲ್ಲಿ, ಒಪ್ಪಿಕೊಂಡ ಕುಟುಂಬವೈದ್ಯರ ಕೈಗೆ, ತಮ್ಮ ರೋಗಿಗಳ ಆಸ್ಪತ್ರೆಯ ವೆಚ್ಚದ ಒಂದು ಪಾಲನ್ನು ಕೊಟ್ಟರು. ಉಳಿಸಿದ್ದನ್ನು ಚಿಕಿತ್ಸಾಲಯದ ಅಭಿವೃದ್ಧಿಗೆ ಉಪಯೋಗಿಸಬಹುದಾಗಿತ್ತು. ಹೀಗಿರಲಾಗಿ, ಹಣವುಳ್ಳ ವೈದ್ಯನ ರೋಗಿಯು ಬೇಗನೆ ಒಳಗೆ ಹೋಗುವನು, ನೆರೆಬೀದಿಯವನು ಕಾಯುವನು ಎಂಬ ದೂರು ಹುಟ್ಟಿತು. 1999ರಲ್ಲಿ ಆ ಏರ್ಪಾಡು ನಿಂತಿತು. 2013ರಲ್ಲಿ ಒಂದೊಂದು ಸೀಮೆಯ ಕುಟುಂಬವೈದ್ಯರೆಲ್ಲರೂ ಸಂಘವಾಗಿ ಕೂಡಿ ಒಂದೇ ಗಂಟನ್ನು ನಡಿಸಬೇಕೆಂದಾಗಿ, 211 ಸಂಘಗಳಾದವು. 2022ರ ಜುಲೈಯಲ್ಲಿ ಅವುಗಳನ್ನೂ ತೆಗೆದು ಬೇರೆ ಮಂಡಲಿಗಳನ್ನು ಇಟ್ಟರು. ನಾಮಫಲಕ ಬದಲಾಯಿಸುವದರಲ್ಲಿ ಆ ದೇಶದವರಿಗೆ ಬೇಸರವೇ ಇಲ್ಲವೆಂದು ತೋರುತ್ತದೆ.

ನಮ್ಮ ಕರ್ನಾಟಕದಲ್ಲಿ ರೈತರು ಹೀಗೆ ಕೂಡಿದರು. 2003ರ ಜೂನಿನಲ್ಲಿ ನಡೆಯತೊಡಗಿದ ಯಶಸ್ವಿನಿಯಲ್ಲಿ, ಸಹಕಾರ ಸಂಘದ ಸದಸ್ಯನು ವರುಷಕ್ಕೆ 60 ರೂಪಾಯಿ ಕೊಟ್ಟಿದ್ದರೆ, ಪಟ್ಟಿಯಲ್ಲಿದ್ದ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಗೊತ್ತಾದ ಮಿತಿಯೊಳಗೆ ಆ ಗಂಟೇ ತೆರುತ್ತಿತ್ತು. ಮೊದಲನೆಯ ವರುಷವೇ ಸುಮಾರು 16 ಲಕ್ಷ ಜನರು ಸೇರಿದರು. 2018ರಲ್ಲಿ ಅದು ಸರಕಾರದ ಬೇರೊಂದು ಯೋಜನೆಯೊಳಗೆ ಲೀನವಾಗಿ, 2023ರ ಜನವರಿಯಿಂದ ಪುನಃ ನಡೆಯಿತು. ಆಗ ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ ಶುಲ್ಕ, ವರುಷಕ್ಕೆ 5 ಲಕ್ಷ ರೂಪಾಯಿಯ ಮಿತಿ ಎಂದು ಗೊತ್ತಾಯಿತು. ಇಲ್ಲಿ ನಾವು ಗಮನಿಸತಕ್ಕದ್ದೇನಂದರೆ, ಯಾವ ಶಸ್ತ್ರಚಿಕಿತ್ಸೆಗೆ ಎಷ್ಟು ಹಣವೆಂಬದು ರೋಗಿಯು ಬರುವದಕ್ಕೆ ಮುಂಚೆಯೇ ನಿರ್ಣಯವಾಗಿರುತ್ತದೆ. ಬಡವನೆಂದು ಕಡಿಮೆಯಾಗದು, ಪರಿಚಯದವನೆಂದು ಹೆಚ್ಚಾಗದು.

ವೈದ್ಯನು ಲೆಕ್ಕವನ್ನು ನೋಡುವದು ತಪ್ಪಲ್ಲವೆಂದು ನಾವು ಎಣಿಸುತ್ತೇವೆ. ಆದರೆ ರೋಗಿಯ ಮಂಚದ ಬಳಿಯಲ್ಲಿ ಒಬ್ಬನೇ ಗುಟ್ಟಾಗಿ ನೋಡಬಾರದು. ಹಲವು ವೈದ್ಯರು ಕೂಡಿ, ಹಣ ಕೊಟ್ಟವರ ಎದುರಿನಲ್ಲಿ, ಮುಂಚಿತವಾಗಿ ನೋಡತಕ್ಕದ್ದು. ಉಳಿದ ಹಣವು ಅವರ ಸ್ವಂತ ಲಾಭವಾಗಬಾರದು. ಒಂದು ಔಷಧವನ್ನು ಬೇಡವೆಂದಾಗ, ಅದು ನನಗೆ ನಿಷ್ಪ್ರಯೋಜಕವೋ, ಅಥವಾ ಹಣವಿಲ್ಲವೋ ಎಂದು ಕೇಳುವ ಹಕ್ಕು ರೋಗಿಗೆ ಉಂಟು. ಹಣವಿಲ್ಲದ್ದನ್ನು ನಿಷ್ಪ್ರಯೋಜಕವೆಂದು ಹೇಳಿ ಕಳುಹಿಸುವದು ಸುಳ್ಳೇ ಸರಿ.

ಇನ್ನೊಂದು ಸಂಗತಿಯು ನಮ್ಮನ್ನು ಬಾಧಿಸುತ್ತದೆ. ಹೊಲಗಳು ಸೈಟುಗಳಾಗಿರುವ ಈ ಚಿಕ್ಕಬಾಣಾವರದಲ್ಲಿ ಬಾಡಿಗೆ ಮನೆ ಹಿಡಿದು, ಪೀಣ್ಯಕ್ಕೆ ದಿನಗೂಲಿಗೆ ಹೋಗುವವನು ಯಾವ ಸಹಕಾರ ಸಂಘದ ಸದಸ್ಯನು? ನಮ್ಮ ಸಂಘಗಳ ಮುಂದಿನ ಸಭೆಯಲ್ಲಿ, ಅಂಥವನನ್ನು ಸೇರಿಸಿಕೊಳ್ಳುವ ಬಗೆ ಹೇಗೆಂದು ಯಾರಾದರೂ ಎದ್ದು ಕೇಳಲಿ.