ಅಜ್ಜನ ಕಷ್ಟ, ಮೊಮ್ಮಗಳ ಅರ್ಜಿ

ನವರಾತ್ರಿ ಮುಗಿದ ವಾರದಲ್ಲಿ ನಮ್ಮ ಕಟ್ಟಡದ ಮೂರನೆಯ ಮಾಳಿಗೆಯ ಹುಡುಗಿಯೊಬ್ಬಳು ಎರಡು ಹಾಳೆ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಹನ್ನೆರಡನೆಯ ತರಗತಿಯಲ್ಲಿ ಓದುವವಳು. "ಮಾಮ, ಇದನ್ನೊಮ್ಮೆ ಓದಿ ನೋಡುತ್ತೀರಾ? ತಪ್ಪಿದ್ದರೆ ಹೇಳಿ" ಎಂದಳು. ಬ್ಯಾಂಕಿನ ನೌಕರಿಯ ಜೊತೆಗೆ ಕೆಲವು ವರ್ಷ ಫೋರ್ಟಿನ ಕನ್ನಡ ರಾತ್ರಿಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿದ ಪುಣ್ಯಕ್ಕೆ ಮುಲುಂಡಿನ ನಮ್ಮ ಕಟ್ಟಡದಲ್ಲಿ ನಾನು ಇಂದಿಗೂ 'ಮಾಸ್ಟ್ರು'. ಕನ್ನಡಕ ಹಾಕಿಕೊಂಡು ಕುಳಿತೆ.

ಅದು ಅಮೇರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸಬೇಕಾದ ಪ್ರಬಂಧ. ಅಲ್ಲಿಯ ಪದ್ಧತಿ ನಮ್ಮ ಹಾಗಲ್ಲ. ನಮ್ಮಲ್ಲಿ ಅಂಕ ಎಷ್ಟು ಎಂದು ಕೇಳಿದರೆ ಮಾತು ಮುಗಿಯಿತು. ಅಲ್ಲಿ ಅಂಕದ ಜೊತೆಗೆ 'ನೀನು ಯಾರು?' ಎಂದೂ ಕೇಳುತ್ತಾರೆ. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುವ 'ಕಾಮನ್ ಆಪ್' ಎಂಬ ಒಂದೇ ಅರ್ಜಿಯಿದೆ. ಅದರಲ್ಲಿ 650 ಪದ ಮೀರದಂತೆ ತನ್ನ ವಿಷಯ ತಾನೇ ಬರೆಯಬೇಕು. ಹಾರ್ವರ್ಡಿನಂಥ ಕಡೆ ನೂರು ಅರ್ಜಿಗಳಲ್ಲಿ ಐದಕ್ಕೂ ಸ್ಥಾನವಿಲ್ಲವಾದ್ದರಿಂದ ಆ 650 ಪದಗಳಿಗಾಗಿ ಮನೆಮಂದಿ ನಿದ್ದೆಗೆಡುವುದು ಆಶ್ಚರ್ಯವಲ್ಲ.

ಪ್ರಬಂಧ ಚೆನ್ನಾಗಿತ್ತು. ಉಡುಪಿ ಹೋಟೆಲೊಂದರ ಹಿಂಬದಿಯ ಹೊಗೆಯಲ್ಲಿ ಹನ್ನೆರಡು ವರ್ಷದ ಹುಡುಗ ಲೋಟ ತೊಳೆಯುವುದರಿಂದ ಮೊದಲಾಗಿ, ರಾತ್ರಿಶಾಲೆಯ ಮಂಕು ದೀಪದವರೆಗೆ ಹೋಗಿ, "ಆ ಹಸಿವು ನನ್ನ ರಕ್ತದಲ್ಲಿದೆ" ಎಂದು ಮುಗಿಯುತ್ತಿತ್ತು. ಹುಡುಗ ಅವಳ ಅಜ್ಜ. 1954ರಲ್ಲಿ ಊರು ಬಿಟ್ಟವರು, ಈಗಲೂ ಗಟ್ಟಿಯಾಗಿದ್ದಾರೆ. ಮೊಮ್ಮಗಳಿಗೆ ತನ್ನದೇ ಕೋಣೆ, ಅದಕ್ಕೊಂದು ಏರ್‌ಕಂಡೀಷನರ್.

"ಇದನ್ನು ನೀನೇ ಬರೆದೆಯಾ ಮಗಾ?" ಎಂದೆ. ಬರೆದದ್ದು ಅವಳೇ, ಬರೆಸಿದ್ದು ಸಲಹೆಗಾರ. ಅವಳು ಮೊದಲು ಬರೆದದ್ದು ಬೇರೆಯೇ ಇತ್ತಂತೆ. ಎರಡು ವರ್ಷದಿಂದ ಅವಳು ಒಂದು ನೋಟುಪುಸ್ತಕದಲ್ಲಿ ಬೆಳಗ್ಗಿನ ಲೋಕಲ್ ಗಾಡಿಗಳು ಮುಲುಂಡ್ ನಿಲ್ದಾಣಕ್ಕೆ ಎಷ್ಟು ನಿಮಿಷ ತಡವಾಗಿ ಬರುತ್ತವೆಂದು ಬರೆದಿಡುತ್ತಾಳೆ. ಮಳೆಗಾಲದಲ್ಲಿ ಯಾವ ದಿನ ಎಷ್ಟು, ಒಂದು ಗಾಡಿ ತಡವಾದರೆ ಅದರ ಹಿಂದಿನದು ಎಷ್ಟು. ಯಾರೂ ಹೇಳಿ ಮಾಡಿಸಿದ್ದಲ್ಲ, ಅದೊಂದು ಹುಚ್ಚು. ಸಲಹೆಗಾರರು "ಇದು ಸಪ್ಪೆ" ಎಂದು ಬದಿಗಿಟ್ಟು, ಮನೆಯಲ್ಲಿ ಕಷ್ಟಪಟ್ಟವರು ಯಾರಾದರೂ ಇದ್ದಾರೆಯೆ ಎಂದು ಕೇಳಿದರಂತೆ.

ಇದರಲ್ಲಿ ತಪ್ಪೇನು ಎಂದು ಹೇಳುವುದು ಸುಲಭವಲ್ಲ. 2024ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಮ್ಮ ದೇಶದ ಹುಡುಗನೊಬ್ಬ ಸಿಕ್ಕಿಬಿದ್ದ. ಪೂರ್ಣ ವಿದ್ಯಾರ್ಥಿವೇತನಕ್ಕಾಗಿ ಅಂಕಪಟ್ಟಿಯನ್ನು ಮಾತ್ರವಲ್ಲ, ಬದುಕಿರುವ ತಂದೆಯ ಮರಣಪತ್ರವನ್ನೂ ತಾನೇ ಸೃಷ್ಟಿಸಿ ಕಳಿಸಿದ್ದ. ಅದು ಮೋಸವೆನ್ನಲು ಯಾವ ಶಾಸ್ತ್ರವೂ ಬೇಡ. ನಮ್ಮವರೇ ಹೀಗೆ ಎಂದೂ ಅಲ್ಲ: 2019ರಲ್ಲಿ ಅಮೇರಿಕದ ಶ್ರೀಮಂತರೇ ದಲ್ಲಾಳಿಯೊಬ್ಬನಿಗೆ ಹಣ ಸುರಿದು, ಆಟವಾಡದ ಮಕ್ಕಳನ್ನು ಆಟಗಾರರೆಂದು ತೋರಿಸುವ ಚಿತ್ರಗಳನ್ನು ಸಹ ಮಾಡಿಸಿ ಸ್ಥಾನ ಪಡೆದದ್ದು ಬಯಲಾಯಿತು. ಆದರೆ ನಮ್ಮ ಹುಡುಗಿಯ ಪ್ರಬಂಧದಲ್ಲಿ ಅಂಥ ಸುಳ್ಳು ಒಂದೂ ಇರಲಿಲ್ಲ. ಹೋಟೆಲು ನಿಜ, ಅಜ್ಜ ನಿಜ, ರಾತ್ರಿಶಾಲೆಯೂ ನಿಜ.

ನೀತಿ ಹೇಳುವ ಮೊದಲು ನನ್ನ ಗಂಟನ್ನೂ ಬಿಚ್ಚಬೇಕು. ನಾನು ಹುಟ್ಟಿದ್ದು ಸೋಣ ತಿಂಗಳ ಮಳೆಯಲ್ಲಿ. ನನ್ನ ಸರ್ಟಿಫಿಕೇಟಿನಲ್ಲಿರುವುದು ಜೂನ್ 1. ಶಾಲೆಗೆ ವಯಸ್ಸು ಸಾಲದೆಂದು ಊರಿನ ಮಾಸ್ಟ್ರು ಹಾಗೆ ಬರೆದರು. ಆ ಸುಳ್ಳಿನ ಮೇಲೆಯೇ ನೌಕರಿ, ಆ ಸುಳ್ಳಿನ ಮೇಲೆಯೇ ನಿವೃತ್ತಿ. ವಾಚಕರಲ್ಲಿಯೂ ಜೂನ್ 1ರಂದು ಹುಟ್ಟಿದವರು ಹಲವರು ಇರಬೇಕು! ಅದಕ್ಕಾಗಿ ನಾನೆಂದೂ ನಾಚಿಕೊಂಡದ್ದಿಲ್ಲ. ಏಕೆಂದರೆ ಆ ಗುಮಾಸ್ತನಿಗೆ ನಾನು ಯಾರೆಂದು ತಿಳಿಯಬೇಕಾಗಿರಲಿಲ್ಲ. ಅವನಿಗೆ ಬೇಕಾದದ್ದು ಒಂದು ತಾರೀಖು. ಈ ಅರ್ಜಿಯಾದರೋ ಎದುರಿಗೆ ಕುಳಿತು 'ನಿನ್ನ ಮಾತು ಹೇಳು' ಎನ್ನುತ್ತದೆ. ಕೊನೆಯಲ್ಲಿ, ಇದೆಲ್ಲ ನನ್ನದೇ ಕೆಲಸ, ನಿಜವಾದದ್ದು ಎಂದು ಸಹಿಯನ್ನೂ ಕೇಳುತ್ತದೆ. ಹಾಗೆ ಕೇಳಿದವರಿಗೆ ಇನ್ನೊಬ್ಬರ ಹಸಿವನ್ನು ತನ್ನದೆಂದು ಕೊಡುವುದು, ಒಂದೊಂದು ವಾಕ್ಯವೂ ನಿಜವಾಗಿದ್ದರೂ, ಸುಳ್ಳಿನ ಕಡೆಗೇ ಬಾಗಿದಂತೆ ನನಗೆ ಕಾಣುತ್ತದೆ.

ಸಹಿಗಳ ವಿಚಾರ ಬಂತೆಂದು ಇನ್ನೊಂದು ಹೇಳುತ್ತೇನೆ. ಅಧ್ಯಾಪಕರ ಶಿಫಾರಸು ಪತ್ರವನ್ನು ನೋಡುವ ಹಕ್ಕು ತನಗೆ ಬೇಡವೆಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆದುಕೊಡುತ್ತಾರೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಅಧ್ಯಾಪಕರು "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಎನ್ನುತ್ತಾರೆ! ನೋಡಲಾರೆನೆಂದ ಪತ್ರವನ್ನು ತಾನೇ ಬರೆಯುವ ಮಗು ಇದರಿಂದ ಯಾವ ಪಾಠ ಕಲಿಯುತ್ತದೋ.

ಹುಡುಗಿಯ ತಂದೆಗೆ ನನ್ನ ಮಾತು ರುಚಿಸಲಿಲ್ಲ. "ಮಾಸ್ಟ್ರೇ, ಎಲ್ಲರೂ ಹೀಗೇ ಮಾಡುವಾಗ ನನ್ನ ಮಗಳೊಬ್ಬಳೇ ಗಾಡಿ ಎಣಿಸುತ್ತ ಕೂರಬೇಕೆ? ಅವರೇನು ಧರ್ಮರಾಯರೆ? ನಮಗೆ ಹಣದ ಸಹಾಯ ಬೇಕೆಂದು ಬರೆದರೆ ಅದನ್ನೂ ತಕ್ಕಡಿಗೆ ಹಾಕುತ್ತಾರಲ್ಲ!" ಎಂದರು. ಈ ಮಾತಿನಲ್ಲಿ ತಥ್ಯವಿದೆ. ಹೊರದೇಶದ ವಿದ್ಯಾರ್ಥಿ ಧನಸಹಾಯ ಕೇಳಿದರೆ ಆಯ್ಕೆಯ ಹೊತ್ತಿಗೆ ಅದನ್ನು ಲೆಕ್ಕಕ್ಕೆ ಹಿಡಿಯುವ ಕಾಲೇಜುಗಳೇ ಹೆಚ್ಚು. ಹಿಡಿಯದವು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ., ಆಮ್‌ಹರ್ಸ್ಟ್ ಮೊದಲಾದ ಕೆಲವೇ. ಅವುಗಳ ಬಾಗಿಲೋ ಎಲ್ಲಕ್ಕಿಂತ ಕಿರಿದು. ಕೇಳುವವನ ನ್ಯಾಯವೇ ಹೀಗಿರುವಾಗ ಹೇಳುವವನು ಮಾತ್ರ ಹರಿಶ್ಚಂದ್ರನಾಗಬೇಕೆ? ನನ್ನಲ್ಲಿ ಇದಕ್ಕೆ ಪೂರ್ಣ ಉತ್ತರವಿರಲಿಲ್ಲ. "ಅಜ್ಜನವರನ್ನು ಕೇಳಿದ್ದೀರಾ?" ಎಂದಷ್ಟೇ ಕೇಳಿದೆ. ಯಾರೂ ಕೇಳಿರಲಿಲ್ಲ.

ಆ ಸಂಜೆ ಹುಡುಗಿ ಪ್ರಬಂಧವನ್ನು ಅವರಿಗೆ ಕನ್ನಡದಲ್ಲಿ ತಡವರಿಸುತ್ತ ಹೇಳಿದಳು. ಅಜ್ಜ ಕಣ್ಣು ಮುಚ್ಚಿ ಕೇಳಿದರು. ಕೊನೆಗೆ, "ಲೋಟ ತೊಳೆದದ್ದು ಸರಿ. ಆದರೆ ಹಸಿವು ಯಾವುದು? ಹೋಟೆಲಿನಲ್ಲಿದ್ದವನಿಗೆ ಹಸಿವೇ! ಹಸಿವು ಇದ್ದದ್ದು ಊರಿನಲ್ಲಿ. ಇಲ್ಲಿ ನಾನು ಹೊಟ್ಟೆತುಂಬ ಉಂಡು, ಮನೆಯಲ್ಲಿ ತಂಗಿಗೆ ಗಂಜಿಯಾದರೂ ಉಂಟೋ ಇಲ್ಲವೋ ಎಂದು ರಾತ್ರಿ ಅಳುತ್ತಿದ್ದೆ" ಎಂದರು. ಆ ತಂಗಿಯ ವಿಷಯ ಮನೆಯಲ್ಲಿ ಮಗನಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಜ್ಜನೇ ಮತ್ತೆ, "ಬರೆಯುವುದಾದರೆ ಬರೆಯಲಿ, ನನ್ನದೇನು ಅಡ್ಡಿಯಿಲ್ಲ. ಅವಳನ್ನು ಕೇಳಿದರೆ ಅವಳ ಸಂಗತಿ ಹೇಳಲಿ ಎಂದು ನನಗೆ ಕಾಣುತ್ತದೆ. ನನ್ನನ್ನು ಯಾರೂ ಕೇಳಲಿಲ್ಲವಲ್ಲ" ಎಂದರು.

ಹುಡುಗಿ ಕಳಿಸಿದ್ದು ಗಾಡಿಗಳ ಪ್ರಬಂಧವನ್ನು. ತಂದೆ ಇನ್ನೂ ನನ್ನೊಡನೆ ಸ್ವಲ್ಪ ಬಿಗುವಾಗಿಯೇ ಇದ್ದಾರೆ. ಅವರನ್ನು ದೂರಲಾರೆ, ನಷ್ಟವಾದರೆ ಅದು ಅವರ ಮಗಳಿಗೆ, ನನಗಲ್ಲ. ಫಲಿತಾಂಶ ಮಾರ್ಚ್ ಕೊನೆಗೆ ಬರುತ್ತದಂತೆ. ಈ ನಡುವೆ ಅವಳು ನೋಟುಪುಸ್ತಕದ ಹಿಂದಿನ ಪುಟಗಳಲ್ಲಿ ಅಜ್ಜ ಹೇಳಿದ್ದನ್ನು ಬರೆದುಕೊಳ್ಳತೊಡಗಿದ್ದಾಳೆ. ಯಾವ ಅರ್ಜಿಗೆಂದು ಕೇಳಿದರೆ, "ಅರ್ಜಿಗಲ್ಲ ಮಾಮ" ಎಂದಳು.