ಎಲ್ಲರೂ ಒಪ್ಪಿದರೇ?

“ಎಲ್ಲರೂ ಒಪ್ಪಿದ್ದಾರೆ” ಎಂಬ ಮಾತನ್ನು ನಾವು ಹೆಂಗಸರು ಎಷ್ಟು ಸಲ ಕೇಳಿಲ್ಲ! ಮಗಳಿಗೆ ಗಂಡು ಗೊತ್ತುಮಾಡುವಾಗ, ಊರಿನ ಜಮೀನು ಮಾರುವಾಗ, ಶಾಲೆಯ ಸ್ಟಾಫ್ ಮೀಟಿಂಗಿನಲ್ಲಿ, ಎಲ್ಲ ಕಡೆಯೂ ಇದೇ ಮಾತು. ಆ “ಎಲ್ಲರೂ” ಎಂಬುದರೊಳಗೆ ಯಾರು ಯಾರು ಸೇರಿದ್ದಾರೆ ಎಂದು ಕೇಳುವವರು ಕಡಿಮೆ. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವಳ ಮೌನವನ್ನೂ ಒಪ್ಪಿಗೆಯ ಲೆಕ್ಕಕ್ಕೇ ಬರೆದುಕೊಳ್ಳುವುದು ರೂಢಿ.

ಹಲವರು ಕೂಡಿ ಒಂದು ತೀರ್ಮಾನಕ್ಕೆ ಬರುವುದೆಂದರೆ ನಿಜವಾಗಿ ಏನು? ಈ ಪ್ರಶ್ನೆಗೆ ನನಗೆ ಸ್ವಲ್ಪ ಬೆಳಕು ಸಿಕ್ಕಿದ್ದು ನಿರೀಕ್ಷಿಸದ ಕಡೆ, ಆಂಗ್ಲಿಕನ್ ಚರ್ಚಿನ ಆಡಳಿತದಲ್ಲಿ. ನಾನು ಕ್ರೈಸ್ತಳಲ್ಲ. ಆದರೆ ಕೆಲವು ವರ್ಷ ಮಿಷನ್ ಶಾಲೆಯೊಂದರಲ್ಲಿ ಪಾಠ ಮಾಡಿದೆ. ಅಲ್ಲಿನ ಹಿರಿಯ ಶಿಕ್ಷಕಿಯೊಬ್ಬರು ತಮ್ಮ ಚರ್ಚಿನ ಕಮಿಟಿಗೆ ಆರಿಸಿ ಬಂದಿದ್ದರು. ಚರ್ಚಿನ ಖರ್ಚುವೆಚ್ಚದ ಬಗ್ಗೆ ಪಾದ್ರಿಗಳ ಎದುರಿಗೇ ಪ್ರಶ್ನೆ ಕೇಳಿ ಬಂದೆ ಎಂದು ಅವರು ಸಹಜವಾಗಿ ಹೇಳುತ್ತಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು. ಅಂದಿನಿಂದ ಈ ವಿಷಯ ಕಣ್ಣಿಗೆ ಬಿದ್ದಾಗಲೆಲ್ಲ ಓದುತ್ತ ಬಂದೆ.

ಒಬ್ಬ ಬಿಷಪರ ಕೈಕೆಳಗಿನ ಊರುಗಳೂ ಚರ್ಚುಗಳೂ ಸೇರಿದ ಪ್ರಾಂತಕ್ಕೆ ಡಯಾಸಿಸ್ ಎನ್ನುತ್ತಾರೆ. ಬಿಷಪರು ಅಪ್ಪಣೆ ಕೊಡುತ್ತಾರೆ, ಉಳಿದವರು ತಲೆಬಾಗುತ್ತಾರೆ ಎಂದು ಹೊರಗಿನವರು ಭಾವಿಸುವುದು ಸಹಜ. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನಲ್ಲಿ ಹಾಗಿಲ್ಲ. ಪ್ರತಿ ಡಯಾಸಿಸ್‌ಗೂ ಸಿನಾಡ್ ಎಂಬ ಸಭೆಯಿದೆ. ಅದರಲ್ಲಿ ಬಿಷಪರ ಜೊತೆಗೆ ಪಾದ್ರಿಗಳದೊಂದು ಗುಂಪು, ಸಾಮಾನ್ಯ ಸದಸ್ಯರದೊಂದು ಗುಂಪು. ಇಡೀ ಚರ್ಚಿಗೆ ಸೇರಿದ ಜನರಲ್ ಸಿನಾಡ್ 1970ರಲ್ಲಿ ಆರಂಭವಾಯಿತು. ಅಲ್ಲೂ ಇದೇ ಮೂರು ಗುಂಪುಗಳು. ದೊಡ್ಡ ವಿಷಯ ಬಂದಾಗ ಎಲ್ಲರ ಕೈಗಳನ್ನೂ ಒಟ್ಟಿಗೆ ಎಣಿಸಿ ಮುಗಿಸುವುದಿಲ್ಲ. ಒಂದೊಂದು ಗುಂಪೂ ಬೇರೆಬೇರೆಯಾಗಿ ಒಪ್ಪಬೇಕು. ಕೆಲವು ವಿಷಯಗಳಲ್ಲಿ ಪ್ರತಿ ಗುಂಪಿನಲ್ಲೂ ಮೂರರಲ್ಲಿ ಎರಡು ಪಾಲು ಮತ ಬೀಳಬೇಕು. ಒಟ್ಟಿಗೆ ಎಣಿಸಿದರೆ ಚಿಕ್ಕ ಗುಂಪಿನ ದನಿ ದೊಡ್ಡ ಗುಂಪಿನ ಗದ್ದಲದಲ್ಲಿ ಮುಳುಗುತ್ತದೆ ಎಂಬುದು ಇದರ ಹಿಂದಿನ ಎಚ್ಚರ.

ಇದು ಇಂಗ್ಲೆಂಡಿನ ಮಾತೇ ಆಗಬೇಕಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರೂ ಮೆಥಡಿಸ್ಟರೂ ಇನ್ನಿತರ ಪಂಗಡದವರೂ ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಇಂದು ಕರ್ನಾಟಕ ಉತ್ತರ, ಮಧ್ಯ, ದಕ್ಷಿಣ ಎಂದು ನಮ್ಮ ರಾಜ್ಯದಲ್ಲಿ ಅದಕ್ಕೆ ಮೂರು ಡಯಾಸಿಸ್‌ಗಳಿವೆ. ಬಿಷಪರಿರಬೇಕು ಎನ್ನುವವರಿಗೂ, ಬಿಷಪರೇ ಇಲ್ಲದೆ ಸಭೆ ನಡೆಸಿಕೊಂಡು ಬಂದವರಿಗೂ ಹೊಂದಿಕೆಯಾಗಬೇಕಿತ್ತು. 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆ ಮುಗಿಯಲು 28 ವರ್ಷ ಹಿಡಿಯಿತು. ಅದಕ್ಕಾಗಿ ದುಡಿದ ಬಿಷಪ್ ಅಜರಾಯ 1945ರಲ್ಲೇ ತೀರಿಕೊಂಡರು. ಕೊನೆಗೆ ಬಿಷಪರೂ ಉಳಿದರು. ಆದರೆ ಅವರ ಪಕ್ಕದಲ್ಲಿ, ಪಾದ್ರಿಗಳೂ ಸಾಮಾನ್ಯ ಸದಸ್ಯರೂ ಕೂತು ತೀರ್ಮಾನಿಸುವ ಡಯಾಸಿಸನ್ ಕೌನ್ಸಿಲ್ ಬಂತು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ. ಕಷ್ಟ ಇರುವುದು ಮುಂದೆ.

ಇಂಗ್ಲೆಂಡಿನಲ್ಲಿ 1994ರಿಂದ ಹೆಂಗಸರು ಪಾದ್ರಿಗಳಾಗಿದ್ದರು, ಆದರೆ ಬಿಷಪರಾಗುವಂತಿರಲಿಲ್ಲ. ಅದನ್ನು ಬದಲಿಸುವ ಮಸೂದೆಯನ್ನು ಮೊದಲು ಡಯಾಸಿಸ್‌ಗಳ ಮುಂದಿಟ್ಟರು. 44ರಲ್ಲಿ 42 ಡಯಾಸಿಸ್‌ಗಳು ಒಪ್ಪಿದವು. 2012ರ ನವೆಂಬರ್ 20ರಂದು ಅದು ಜನರಲ್ ಸಿನಾಡ್‌ಗೆ ಬಂತು. ಬಿಷಪರಲ್ಲಿ 44 ಮಂದಿ ಬೇಕೆಂದರು, 3 ಮಂದಿ ಬೇಡವೆಂದರು. ಪಾದ್ರಿಗಳಲ್ಲಿ 148 ಬೇಕು, 45 ಬೇಡ. ಸಾಮಾನ್ಯ ಸದಸ್ಯರಲ್ಲಿ 132 ಬೇಕು, 74 ಬೇಡ. ಆ ಕೊನೆಯ ಗುಂಪಿನಲ್ಲಿ ಇನ್ನು ಆರು ಜನ ಈ ಕಡೆಗೆ ಬಂದಿದ್ದರೆ ಸಾಕಿತ್ತು. ಮಸೂದೆ ಬಿದ್ದುಹೋಯಿತು. ಬೇಡ ಎಂದವರಲ್ಲಿ ಹೆಂಗಸರೂ ಇದ್ದರು ಎಂಬುದನ್ನು ಮರೆಯಬಾರದು.

ಒಟ್ಟು ಮತಗಳಲ್ಲಿ ನೂರಕ್ಕೆ 72ಕ್ಕಿಂತ ಹೆಚ್ಚು ಬೇಕು ಎಂದಿದ್ದವು. ಆದರೂ ಆಗಲಿಲ್ಲ. ಇದು ನ್ಯಾಯವೇ? ಓದಿದಾಗ ನನಗೆ ಸಿಟ್ಟು ಬಂತು. ಇಷ್ಟೆಲ್ಲ ಸಭೆ, ಎಣಿಕೆ ಏಕೆ, ಧೈರ್ಯವಂತ ಬಿಷಪರೊಬ್ಬರು ಮಾಡಿ ತೋರಿಸಿದರಾಗದೇ ಎನಿಸಿತು.

ಹಾಗೆ ಮಾಡಿ ತೋರಿಸಿದವರೂ ಇದ್ದಾರೆ. 1944ರ ಜನವರಿ. ಯುದ್ಧದ ಕಾಲ. ಮಕಾವಿನ ಕ್ರೈಸ್ತರ ಬಳಿಗೆ ಪಾದ್ರಿಗಳು ಹೋಗುವಂತಿರಲಿಲ್ಲ. ಹಾಂಗ್‌ಕಾಂಗ್‌ನ ಬಿಷಪ್ ಹಾಲ್ ಯಾವ ದೊಡ್ಡ ಸಭೆಯ ಒಪ್ಪಿಗೆಗೂ ಕಾಯದೆ, ಅಲ್ಲಿ ಸೇವೆ ಮಾಡುತ್ತಿದ್ದ ಫ್ಲಾರೆನ್ಸ್ ಲೀ ಟಿಮ್ ಓಯ್ ಎಂಬ ಮಹಿಳೆಗೆ ಪಾದ್ರಿಯ ದೀಕ್ಷೆ ಕೊಟ್ಟರು. ಆಂಗ್ಲಿಕನ್ನರಲ್ಲಿ ಹಾಗೆ ದೀಕ್ಷೆ ಪಡೆದ ಮೊದಲ ಮಹಿಳೆ ಆಕೆ. ಅವರ ತೀರ್ಮಾನ ಸರಿಯಾಗಿತ್ತು ಎಂದೇ ನನ್ನ ಭಾವನೆ. ಆದರೆ ಯುದ್ಧ ಮುಗಿದ ಮೇಲೆ ಆಕ್ಷೇಪಣೆ ಎದ್ದಿತು. ಬಿಷಪರಿಗೆ ತೊಂದರೆಯಾಗಬಾರದೆಂದು 1946ರಲ್ಲಿ ಆಕೆಯೇ ಪಾದ್ರಿಯ ಕೆಲಸ ಮಾಡುವ ಪರವಾನಗಿ ಬಿಟ್ಟುಕೊಟ್ಟರು. 1971ರಲ್ಲಿ ಹಾಂಗ್‌ಕಾಂಗ್‌ನ ಮತ್ತೊಬ್ಬ ಬಿಷಪರು ಇಬ್ಬರು ಮಹಿಳೆಯರಿಗೆ ದೀಕ್ಷೆ ಕೊಟ್ಟರು. ಈ ಸಲ ತಮ್ಮ ಸಿನಾಡ್‌ನ ಒಪ್ಪಿಗೆ ಪಡೆದಿದ್ದರು. ಅದು ನಿಂತಿತು.

ಎರಡು ಕಥೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರೇ ತೀರ್ಮಾನಿಸಿದಾಗ ಬೆಲೆ ತೆತ್ತವಳು ಹೆಣ್ಣು. ಹಲವರು ಕೂಡಿ ತಡಮಾಡಿದಾಗಲೂ ಬೆಲೆ ತೆತ್ತವಳು ಹೆಣ್ಣೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಹಾಗೆ.

ಹಾಗಾದರೆ ದಾರಿ ಯಾವುದು? 2012ರ ನಂತರ ಇಂಗ್ಲೆಂಡಿನವರು ಮಾಡಿದ್ದು ಗಮನಿಸುವಂತಿದೆ. ಸೋತೆವೆಂದು ಬೇಕೆಂದವರು ಚರ್ಚು ಬಿಟ್ಟು ಹೊರಡಲಿಲ್ಲ. ಗೆದ್ದೆವೆಂದು ಬೇಡವೆಂದವರು ವಿಷಯವನ್ನು ಹೂತುಹಾಕಲೂ ಇಲ್ಲ. ಹೊಸ ಮಸೂದೆ ಬರೆಯುವ ಸಮಿತಿಯಲ್ಲಿ ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಿದರು. ಮಹಿಳೆಯನ್ನು ಬಿಷಪರೆಂದು ಒಪ್ಪಲಾರದ ಚರ್ಚುಗಳು ಪುರುಷ ಬಿಷಪರ ಸೇವೆಯನ್ನು ಕೇಳಿಕೊಳ್ಳಲು ಏರ್ಪಾಡಾಯಿತು. 2014ರ ಜುಲೈ 14ರಂದು ಮತ್ತೆ ಮತ ಹಾಕಿದರು. ಬಿಷಪರಲ್ಲಿ 37ಕ್ಕೆ 2, ಪಾದ್ರಿಗಳಲ್ಲಿ 162ಕ್ಕೆ 25, ಸಾಮಾನ್ಯ ಸದಸ್ಯರಲ್ಲಿ 152ಕ್ಕೆ 45. ಮಸೂದೆ ಗೆದ್ದಿತು. 2015ರ ಜನವರಿಯಲ್ಲಿ ಲಿಬ್ಬಿ ಲೇನ್ ಇಂಗ್ಲೆಂಡಿನ ಮೊದಲ ಮಹಿಳಾ ಬಿಷಪರಾದರು. ನಮ್ಮ ಸಿಎಸ್‌ಐ ಅವರಿಗಿಂತ ಮುಂದಿತ್ತು. 2013ರ ಸೆಪ್ಟೆಂಬರಿನಲ್ಲೇ ಇ. ಪುಷ್ಪಲಲಿತಾ ಆಂಧ್ರದ ನಂದ್ಯಾಲ ಡಯಾಸಿಸ್‌ನ ಬಿಷಪರಾಗಿದ್ದರು.

ಇಂಗ್ಲೆಂಡಿನ ಆ ಏರ್ಪಾಡು ಪೂರ್ತಿ ನ್ಯಾಯವೆಂದು ನಾನು ಹೇಳಲಾರೆ. ನೀನು ನಮ್ಮ ಬಿಷಪಳಲ್ಲ ಎಂದು ಒಂದು ಚರ್ಚು ಹೇಳಬಹುದೆಂದರೆ ಅದನ್ನು ಕೇಳಿಸಿಕೊಳ್ಳುವವಳಿಗೆ ನೋವಾಗದೇ? ಆದರೂ ಎರಡು ವಿಚಾರ ನನಗೆ ಸ್ಪಷ್ಟವಾಗಿವೆ. ಕೂಡಿ ತೀರ್ಮಾನಿಸುವುದೆಂದರೆ ಎಲ್ಲರ ಅಭಿಪ್ರಾಯ ಕೇಳಿ ಕೊನೆಗೆ ದೊಡ್ಡವರು ಹೇಳಿದ್ದನ್ನೇ ಮಾಡುವುದಲ್ಲ. “ಬೇಡ” ಎನ್ನುವ ಹಕ್ಕನ್ನು ಇನ್ನೊಬ್ಬರಿಗೆ ಕೊಡುವುದು. ಆ ಹಕ್ಕಿಲ್ಲದವರ “ಆಗಲಿ”ಗೆ ಅರ್ಥವಿಲ್ಲ. ಎರಡನೆಯದು ಇದಕ್ಕಿಂತ ಕಷ್ಟದ್ದು. ಎಲ್ಲರೂ ಒಪ್ಪುವ ತನಕ ತಾಳೋಣ ಎನ್ನುವವರು, ಆ ತಾಳ್ಮೆ ಯಾರ ಆಯುಷ್ಯದಿಂದ ಖರ್ಚಾಗುತ್ತಿದೆ ಎಂದು ನೋಡಬೇಕು. ಕಾಯಿಸುವವರು ಕಾಯುವವರ ಜೊತೆ ಒಂದೇ ಮೇಜಿಗೆ ಕೂತು ದಾರಿ ಹುಡುಕುತ್ತಿದ್ದರೆ ಅದು ಸಹನೆ. ಬಾಗಿಲು ಹಾಕಿಕೊಂಡು ಕಾಯಿಸಿದರೆ ಅದು ಬರೀ ಅಧಿಕಾರ.

ಓದಲು ಬೇರೆ ಊರಿಗೆ ಹೋಗಬೇಕೆನ್ನುವ ಹುಡುಗಿಗೆ “ಮನೆಯಲ್ಲಿ ಎಲ್ಲರೂ ಒಪ್ಪಲಿ, ಆಮೇಲೆ ನೋಡೋಣ” ಎನ್ನುತ್ತೇವೆ. ಆ ಮಾತು ತಪ್ಪೆನ್ನಲಾರೆ. ಆದರೆ ಕಾಲೇಜಿನ ಅರ್ಜಿಗೆ ಕೊನೆಯ ದಿನವೊಂದಿರುತ್ತದೆ. ಅದು ಕಳೆಯುವ ಮುನ್ನ ಆ ಎಲ್ಲರನ್ನೂ ಒಂದೆಡೆ ಕೂರಿಸಿ, ಹುಡುಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮಾತಾಡಿಸುವ ಹೊಣೆ “ಆಮೇಲೆ” ಎಂದವರದ್ದೇ.