ತೋರಿಕೆಯ ಹಾದಿ, ನಿಜದ ಹೆಜ್ಜೆ

‘ನಡೆ’ ಎಂಬ ಒಂದೇ ಮಾತು ನಮ್ಮಲ್ಲಿ ಕಾಲಿನ ಚಲನೆಯನ್ನೂ ಬಾಳಿನ ಆಚರಣೆಯನ್ನೂ ಸೂಚಿಸುತ್ತದೆ. ಇವೆರಡರ ನಂಟು ಎಷ್ಟು ಆಳವಾದುದೆಂಬುದು ಪಾರ್ಶ್ವವಾಯುವಿಗೆ ತುತ್ತಾದವರಿಗೆ ಚೆನ್ನಾಗಿ ಗೊತ್ತು. ಮಿದುಳಿನ ರಕ್ತನಾಳವೊಂದು ಕಟ್ಟಿಕೊಂಡಾಗ ಇಲ್ಲವೆ ಒಡೆದಾಗ ದೇಹದ ಒಂದು ಪಾರ್ಶ್ವ ಸ್ವಾಧೀನ ತಪ್ಪಬಹುದು. ನಿನ್ನೆಯವರೆಗೆ ಮನೆಯ ಭಾರ ಹೊತ್ತವರು ಇಂದು ಬಚ್ಚಲುಮನೆಗೆ ಹೋಗಲೂ ಇನ್ನೊಬ್ಬರ ಹೆಗಲನ್ನು ಆಶ್ರಯಿಸಬೇಕಾಗುತ್ತದೆ. ಕಾಲಿನ ಬಲದೊಡನೆ ಸ್ವಾವಲಂಬನೆಯ ನೆಮ್ಮದಿಯೂ ಹೋಗುತ್ತದೆ.

ಇಂಥವರಿಗೆ ಮತ್ತೆ ನಡೆಯುವುದನ್ನು ಕಲಿಸಲು ‘ವರ್ಚುವಲ್ ರಿಯಾಲಿಟಿ’ ಎಂಬ ಉಪಾಯ ಈಗ ಬಳಕೆಗೆ ಬಂದಿದೆ. ರೋಗಿಯು ಬೀಳದಂತೆ ಮೈಗೆ ಪಟ್ಟಿಯ ಆಸರೆ ಕೊಟ್ಟು ಟ್ರೆಡ್‌ಮಿಲ್ಲಿನ ಮೇಲೆ ನಡೆಸುತ್ತಾರೆ. ಎದುರಿನ ಪರದೆಯಲ್ಲಿಯೋ ಕಣ್ಣಿಗೆ ಧರಿಸಿದ ಸಾಧನದಲ್ಲಿಯೋ ಒಂದು ಬೀದಿ ಮೂಡುತ್ತದೆ. ಕಲ್ಲು ಅಡ್ಡ ಬಂದರೆ ಕಾಲೆತ್ತಿ ದಾಟಬೇಕು. ಹೆಜ್ಜೆ ತಪ್ಪಿದರೆ ಒಡನೆಯೇ ತಿಳಿಯುತ್ತದೆ. ವಾಸ್ತವದಲ್ಲಿ ಬೀದಿಯೂ ಇಲ್ಲ, ಕಲ್ಲೂ ಇಲ್ಲ.

ಇಲ್ಲಿ ಪ್ರಶ್ನೆಯೊಂದು ಏಳುತ್ತದೆ. ಇಲ್ಲದುದರಿಂದ ಇರುವುದು ಹುಟ್ಟೀತೆ? ನೊಂದವರ ಕಣ್ಣಿಗೆ ಸುಳ್ಳನ್ನು ಕಟ್ಟುವುದು ಧರ್ಮವೆ?

ಕನಸಿನ ಹುಲಿ ಸುಳ್ಳು, ಅದನ್ನು ಕಂಡು ಆದ ಎಚ್ಚರ ಸುಳ್ಳಲ್ಲವೆಂದು ದಾರ್ಶನಿಕರು ದೃಷ್ಟಾಂತ ಕೊಡುವುದುಂಟು. ಅಂತೆಯೇ ತೋರಿಕೆಯ ಕಲ್ಲನ್ನು ದಾಟಲು ಎತ್ತಿದ ಕಾಲು ನಿಜವಾದ ಕಾಲೇ. ಹಾನಿಗೊಂಡ ಭಾಗದ ಕೆಲಸವನ್ನು ಮಿದುಳಿನ ಉಳಿದ ಭಾಗಗಳು ಅಭ್ಯಾಸಬಲದಿಂದ ಒಂದಿಷ್ಟು ವಹಿಸಿಕೊಳ್ಳಬಲ್ಲವು. ಅದಕ್ಕೆ ಮತ್ತೆ ಮತ್ತೆ ಹೆಜ್ಜೆಯಿಡುವ ತಾಳ್ಮೆ ಬೇಕು. ಬರಿಯ ಗೋಡೆಯನ್ನು ನೋಡುತ್ತ ನಡೆದು ಬೇಸತ್ತವರು ಬೀದಿಯನ್ನು ನೋಡುತ್ತ ಇನ್ನಷ್ಟು ದೂರ ನಡೆದಾರು. ಇನ್ನು ವಂಚನೆಯ ಮಾತು. ಅರಿವನ್ನು ಮರೆಮಾಡಿದಾಗ ಮಾತ್ರ ಅದು ವಂಚನೆ. ಇದು ತೋರಿಕೆಯೆಂದು ತಿಳಿಸಿ, ರೋಗಿಯ ಒಪ್ಪಿಗೆ ಪಡೆದಾಗ ಅದು ಸಾಧನವೆನಿಸುತ್ತದೆ.

ಆದರೆ ವಂಚನೆ ಬೇರೊಂದು ಬಾಗಿಲಿನಿಂದ ಒಳಬರಬಹುದು. ಯಂತ್ರವೇ ನಡೆಸೀತೆಂಬ ಆಸೆಯನ್ನು ಹುಟ್ಟಿಸುವುದೇ ಆ ಬಾಗಿಲು. ಕೊಕ್ರೇನ್ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 72 ಪ್ರಯೋಗಗಳನ್ನು, 2,470 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಲಾಯಿತು. ನಡಿಗೆಯ ವೇಗವನ್ನು ಹೆಚ್ಚಿಸುವುದರಲ್ಲಿ ಈ ಉಪಾಯವು ವಾಡಿಕೆಯ ಚಿಕಿತ್ಸೆಗಿಂತ ಮಿಗಿಲೆಂದು ಅಲ್ಲಿ ಸಿದ್ಧವಾಗಲಿಲ್ಲ. ತೋಳಿನ ವಿಷಯದಲ್ಲಿ, ವಾಡಿಕೆಯ ಚಿಕಿತ್ಸೆಯೊಡನೆ ಇದನ್ನೂ ಸೇರಿಸಿ ಅಭ್ಯಾಸದ ಹೊತ್ತನ್ನು ಹೆಚ್ಚಿಸಿದಾಗ ಪ್ರಯೋಜನ ಕಂಡಿತು.

ಇದರಿಂದ ನಾವು ಕಲಿಯಬೇಕಾದುದು ಸ್ಪಷ್ಟವಾಗಿದೆ. ಯಂತ್ರವು ಅಭ್ಯಾಸಕ್ಕೆ ಊರುಗೋಲಾಗಬಹುದು. ಅಭ್ಯಾಸದ ಸ್ಥಾನವನ್ನು ಅದು ಹಿಡಿಯಲಾರದು. ಆದ್ದರಿಂದ ಯಂತ್ರವನ್ನು ಕೊಳ್ಳಲಾರದ ಮನೆಯವರು ಎದೆಗುಂದಬೇಕಾಗಿಲ್ಲ. ಬಲ್ಲವರ ಸಲಹೆ ಪಡೆದು, ಪಡಸಾಲೆಯಲ್ಲಿ ದಿನವೂ ಕೈಹಿಡಿದು ನಡೆಸುವ ಮಗನೋ ಸೊಸೆಯೋ ಮಾಡುವುದು ಸಣ್ಣ ಸೇವೆಯೇನಲ್ಲ. ಯಂತ್ರವಿದ್ದವರೂ ಪರದೆಯ ಮೇಲಿನ ಅಂಕಗಳಿಗೆ ಮರುಳಾಗಬಾರದು. ಸಾಧನೆಯ ಒರೆಗಲ್ಲು ಮನೆಯ ಹೊಸ್ತಿಲಲ್ಲಿದೆ. ಅದನ್ನು ತಾನಾಗಿ ದಾಟಿ, ಅಂಗಳಕ್ಕೆ ಬಂದು ನಿಂತವರ ಮುಖದ ಕಳೆಯಲ್ಲಿ ತೋರಿಕೆಯೆಂಬುದು ಎಳ್ಳಷ್ಟೂ ಇರದು.